ಒಂದು ದಿನದ ಖಾಡಾ

ಮುಬೀನ ತೀರಿಕೊಂಡ ನಾಲ್ಕನೆಯ ದಿನ ಅವನು ದುಡಿಯುತ್ತಿದ್ದ ಟಿಕೋಟಾದ ಕೋಲ್ಡ್ ಸ್ಟೋರೇಜಿನಿಂದ ಲೆಕ್ಕದ ಸಿದ್ದರಾಯ ಬಂದ. ಕಿಸೆಯಲ್ಲಿ ಮಡಚಿದ ಒಂದು ಚೀಟಿ, ಕೈಯಲ್ಲಿ ಒಂದು ಕಿಲೋ ಒಣದ್ರಾಕ್ಷಿ. ಬರಿಗೈಯಲ್ಲಿ ಹೋಗುವುದು ಹೇಗೆಂದು ಅದನ್ನು ತಂದಿದ್ದ. ಸತ್ತವರ ಮನೆಗೆ ಸಿಹಿ ಒಯ್ಯಬಹುದೋ ಇಲ್ಲವೋ ಎಂಬುದು ಅಥಣಿ ರಸ್ತೆಯ ತಿರುವಿಗೆ ಬಂದಾಗ ಹೊಳೆಯಿತು. ಅಲ್ಲಿಂದ ಮನೆಯವರೆಗೂ ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದುಕೊಂಡೇ ನಡೆದ. ಅಷ್ಟು ಮುಚ್ಚಿಟ್ಟುಕೊಂಡು ಬಂದದ್ದರಿಂದ ಇಡೀ ಓಣಿಯೇ ಅದನ್ನು ನೋಡಿತು.

"ಬರ್ರಿ ಸಿದ್ದರಾಯ, ಕುಂಡ್ರರಿ," ಎಂದ ಮುಬೀನನ ಅಪ್ಪ ಮಶಾಕಸಾಬ. ಜೀವನವಿಡೀ ಊರಿಗೆಲ್ಲ ಗಾದಿ ಹೊಲಿದುಕೊಟ್ಟವನು ಬರಿ ಚಾಪೆಯ ಮೇಲೆ ಕುಳಿತಿದ್ದ.

ಮುಬೀನನ ಹೆಂಡತಿ ತಸ್ಲೀಮ ಇದನ್ನೆಲ್ಲ ಕಂಡದ್ದು ಪರದೆಯ ಕೆಳಗಿನಿಂದ. ಗಂಡ ಸತ್ತವಳು ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟಬಾರದು, ಪರಗಂಡಸರ ಕಣ್ಣಿಗೆ ಬೀಳಬಾರದು ಎಂದು ಅತ್ತೆ ಸುಗರಾಬಿ ಒಳಕೋಣೆಯ ಬಾಗಿಲಿಗೆ ಹಳೆಯ ಚಾದರ ಕಟ್ಟಿದ್ದಳು. ಚಾದರ ಗಿಡ್ಡವಾಗಿ ನೆಲದಿಂದ ಒಂದು ಗೇಣು ಮೇಲೆಯೇ ನಿಂತಿತ್ತು. ಹೀಗಾಗಿ ಮನೆಗೆ ಬಂದ ದುಃಖವೆಲ್ಲ ಅವಳಿಗೆ ಪಾದಗಳ ರೂಪದಲ್ಲೇ ಪರಿಚಯವಾಗಿತ್ತು. ಸಿದ್ದರಾಯನ ಕಾಲುಚೀಲದಿಂದ ಒಂದು ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಮೈದುನ ಅಶ್ಫಾಕನ ಕಾಲು ಎಂದಿನಂತೆ ಅಲುಗುತ್ತಲೇ ಇತ್ತು.

ಅವಳಿಗೆ ಅಳು ಬಂದಿರಲಿಲ್ಲ. ಬಂದವರು ಅದನ್ನೂ ಗಮನಿಸಿ ಹೋಗಿದ್ದರು. ದವಾಖಾನೆಯವರು ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಮುಬೀನನ ಚಪ್ಪಲಿ, ಊಟದ ಡಬ್ಬಿ ಬಂದಿದ್ದವು. ಡಬ್ಬಿಯೊಳಗಿನ ರೊಟ್ಟಿ, ಬದನೆಕಾಯಿ ಹಾಗೇ ಇದ್ದವು. ಅದನ್ನು ತೊಳೆದು ಬೋರಲು ಹಾಕಿದಳು. ಮರುದಿನ ಬೆಳಗ್ಗೆ ಅದೇ ಡಬ್ಬಿಗೆ ಮತ್ತೆ ರೊಟ್ಟಿ ತುಂಬಿ, ಮುಚ್ಚಳ ಹಾಕಿ, ಅದನ್ನೇ ನೋಡುತ್ತ ಕುಳಿತಳು. ಮಶಾಕಸಾಬ ಬಂದು ಡಬ್ಬಿ ಎತ್ತಿಕೊಂಡು, "ಬಾಗಲದಾಗ ಕುಂತು ತಿಂತೇನಿ ಬಿಡು, ಗಾಳಿ ಬರತೈತಿ," ಎಂದು ಹೋದ. ಅಂದಿನಿಂದ ಅವಳು ದಿನವೂ ಡಬ್ಬಿ ಕಟ್ಟುವಳು, ಅವನು ಬಾಗಿಲವರೆಗೆ ಒಯ್ದು ತಿನ್ನುವನು.

ಸಿದ್ದರಾಯ ಚೀಟಿ ಬಿಚ್ಚಿದ. "ಮ್ಯಾನೇಜರ್ ಶಿವಾನಂದ ಸಾಹೇಬ್ರು ಹೇಳ್ಯಾರ್ರಿ, ಸತ್ತವರ ಪಗಾರ ಹಿಡಕೊಂಡು ಕುಂಡ್ರಬ್ಯಾಡ್ರಿ, ಲಗೂನ ಚುಕ್ತಾ ಮಾಡ್ರಿ ಅಂತ. ಎಲ್ಲಾ ಮಾಡೇನ್ರಿ. ಈ ತಿಂಗಳ ಪಗಾರ, ಓಟಿ, ಉಳದ ಸೂಟಿ ರೊಕ್ಕ, ಬೋನಸ್. ಈದಿನಾಗ ತಗೊಂಡ ಅಡ್ವಾನ್ಸ್ ಇತ್ತಲ್ರಿ, ಅದನ್ನ ಸಾಹೇಬ್ರು ಮಾಫ್ ಮಾಡ್ಯಾರ. ಒಂದು ಖಾಡಾ ಅಷ್ಟ ಕಡದೇವ್ರಿ."

ರೊಟ್ಟಿ ಹಿಟ್ಟು ನಾದುತ್ತಿದ್ದ ಸುಗರಾಬಿ ಅಡುಗೆಮನೆಯಿಂದಲೇ ಕೇಳಿದಳು, "ಯಾವ ಖಾಡಾ?"

ಖಾಡಾ ಎಂದರೆ ಕೆಲಸ ತಪ್ಪಿಸಿದ ದಿನ, ಪಗಾರ ಕಡಿಯುವ ದಿನ. ಮುಬೀನ ಖಾಡಾ ಮಾಡಿದವನಲ್ಲ ಎಂಬುದು ಸುಗರಾಬಿಯ ಬದುಕಿನ ದೊಡ್ಡ ಹೆಮ್ಮೆಗಳಲ್ಲೊಂದು. ಮದುವೆಯ ಮಾತುಕತೆಯಲ್ಲೂ ತಸ್ಲೀಮಳ ಮನೆಯವರ ಎದುರು ಅವಳು ಮೊದಲು ಹೇಳಿದ್ದು ಅದನ್ನೇ.

"ಅವತ್ತಿಂದ್ರಿ, ಅಮ್ಮಾ."

"ಯಾವತ್ತಿಂದು?"

"ಅದ ರಿ... ಸೋಮವಾರದ್ದು."

ಸುಗರಾಬಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಸೋಮವಾರ ನನ್ನ ಮಗಾ ಮನ್ಯಾಗ ಮಲಗಿದ್ನೇನು? ಡಬ್ಬಿ ತಗೊಂಡು ಹೋಗ್ಯಾನ. ಬಸ್ಸಿಗೆ ಟಿಕೆಟ್ ತಗದಾನ. ಟಿಕೋಟಾ ಸ್ಟ್ಯಾಂಡಿನಾಗ ಇಳದಾನ. ಇಳದಲ್ಲೇ ಬಿದ್ದಾನ. ಅದು ಖಾಡಾ?"

"ಗೇಟಿನಾಗ ಹೆಬ್ಬಟ್ಟ ಒತ್ತಿಲ್ರಿ. ಈಗ ಹಾಜರಿ ನಾ ಹಿಡಿಯೂದಿಲ್ರಿ, ಮಷೀನ್ ಹಿಡೀತೈತಿ. ಅದಕ್ಕ ಹೆಬ್ಬಟ್ಟ ಬೇಕು."

"ಬೇಕಾಗಿತ್ತಂದ್ರ ಮಷೀನ್ ತಗೊಂಡು ದವಾಖಾನಿಗೆ ಬರಬೇಕಾಗಿತ್ತು. ಸಂಜೀತನಾ ಅಲ್ಲೇ ಬಿದ್ದಿತ್ತು ಹೆಬ್ಬಟ್ಟ. ಹೊಂಟಿದ್ದ ನನ್ನ ಮಗಾ. ಹೊಂಟವಗ ಖಾಡಾ ಹಾಕ್ತೀರೇನ?"

ಸಿದ್ದರಾಯ ತನ್ನ ಹೊರಬಿದ್ದ ಹೆಬ್ಬೆರಳನ್ನು ಇನ್ನೊಂದು ಪಾದದ ಕೆಳಗೆ ಬಚ್ಚಿಟ್ಟುಕೊಂಡ.

"ನಾ ಏನೂ ಅನ್ನಂಗಿಲ್ಲ," ಎಂದ ಮಶಾಕಸಾಬ. ಏನನ್ನಾದರೂ ಅನ್ನುವ ಮೊದಲು ಅವನು ಹೇಳುತ್ತಿದ್ದ ಮಾತು ಅದು. "ಆದ್ರ ಖಾಡಾ ಅನ್ನೂದು ಚಲೋ ಅಲ್ಲ. ಇರ್ಲಿ. ರೊಕ್ಕ ತಂದೀರೇನು?"

"ಖಾತೇಕ್ಕ ಹಾಕೇನ್ರಿ, ನಿನ್ನೇನ. ಯಾವಾಗಲೂ ಕೈಯಾಗ ಕೊಡತಿದ್ವಿ ಖರೆ. ಈ ಸಲ ಯಾರ ಕೈಯಾಗ ಕೊಡಬೇಕು ತಿಳೀಲಿಲ್ರಿ. ಅಪ್ಪಗ ಕೊಟ್ರ ಹೆಂಡ್ತಿ ಕೇಳ್ತಾಳ, ಹೆಂಡ್ತಿಗೆ ಕೊಟ್ರ ತಾಯಿ ಕೇಳ್ತಾಳ. ಯಾರಿಗೂ ಬ್ಯಾಡ ಅಂತ ಮುಬೀನನ ಕೈಯಾಗ ಕೊಟ್ಟಬಿಟ್ಟೆ. ಬ್ಯಾಂಕ್ ಪಾಸ್‌ಬುಕ್ಕಿನ ಝೆರಾಕ್ಸ್ ಒಂದು ನಮ್ಮ ಫೈಲಿನಾಗ ಇತ್ತು."

ಎಲ್ಲರಿಗೂ ಇದು ದೊಡ್ಡ ಮನುಷ್ಯರ ನ್ಯಾಯದಂತೆ ಕೇಳಿಸಿತು. ಅಶ್ಫಾಕನ ಕಾಲು ಮಾತ್ರ ಅಲುಗುವುದನ್ನು ನಿಲ್ಲಿಸಿತು. ಪರದೆಯ ಕೆಳಗಿನಿಂದ ಅದನ್ನು ಕಂಡವಳು ತಸ್ಲೀಮ ಒಬ್ಬಳೇ.

ಆ ಮನೆಯಲ್ಲಿ ಪಗಾರದ ದಿನಕ್ಕೊಂದು ಪದ್ಧತಿ ಇತ್ತು. ಮುಬೀನ ಬಂದು ಕೈಕಾಲು ತೊಳೆದು ರೊಕ್ಕವನ್ನು ತಾಯಿಯ ಕೈಗೆ ಕೊಡುವನು. ಸುಗರಾಬಿ ಬಿಸ್ಮಿಲ್ಲಾ ಎಂದು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಅದರಲ್ಲಿ ಒಂದಿಷ್ಟನ್ನು ಸೊಸೆಯ ಕೈಗೆ ಹಾಕುವಳು. ಹದಿನೇಳು ವರ್ಷ ತಸ್ಲೀಮ ಗಂಡನ ಗಳಿಕೆಯನ್ನು ಅತ್ತೆಯ ಕೈಯಿಂದಲೇ ಇಸಕೊಂಡಿದ್ದಳು. ಈ ಸಲದ ರೊಕ್ಕಕ್ಕೆ ಮಾತ್ರ ಅವಳ ಮನಸ್ಸಿನಲ್ಲಿ ಒಂದು ಹೆಸರು ಅಂಟಿತ್ತು. ಮಗಳು ಮಿನಾಜ ಹತ್ತನೆಯ ಇಯತ್ತೆಗೆ ಬಂದಿದ್ದಳು. ಸಾಲಿಯ ಫೀ ತುಂಬಿದರೆ ಹುಡುಗಿ ಇಲ್ಲೇ ಓದುತ್ತಾಳೆ, ಮಗಳು ಇಲ್ಲಿದ್ದರೆ ತಾನೂ ಇಲ್ಲಿರುತ್ತೇನೆ. ಇಲ್ಲದಿದ್ದರೆ ಇಬ್ಬರಿಗೂ ಹೊನವಾಡದ ಬಸ್ಸು. ಅಲ್ಲಿ ಅಣ್ಣನ ಮನೆ, ಅತ್ತಿಗೆಯ ಒಲೆ.

ಮರುದಿನ ಅಶ್ಫಾಕ ಎಟಿಎಮ್ಮಿಗೆ ಹೋಗಿ ಮಧ್ಯಾಹ್ನ ದಾಟಿದ ಮೇಲೆ ಬಂದ. ತಾಯಿಯ ಕೈಯಲ್ಲಿ ಎರಡು ನೂರರ ನೋಟು ಇಟ್ಟ. ಅಭ್ಯಾಸಬಲದಿಂದ ಸುಗರಾಬಿ ಅವುಗಳನ್ನು ಕಣ್ಣಿಗೆ ಒತ್ತಿಕೊಂಡು, ಆಮೇಲೆ ಎಣಿಸಿದಳು.

"ಉಳದದ್ದು?"

"ಬ್ಯಾಂಕಿನವರು ತಗೊಂಡಾರ."

"ಯಾಕ? ಬ್ಯಾಂಕಿನವರೂ ಸತ್ತಾರೇನು?"

ವಿಷಯ ಹೊರಬಿದ್ದದ್ದು ಊಟದ ಹೊತ್ತಿಗೆ. ಅಶ್ಫಾಕನಿಗೆ ಎಲ್ಲೂ ಸಾಲ ಹುಟ್ಟುತ್ತಿರಲಿಲ್ಲವಾಗಿ ಅವನ ಮೋಟರ್‌ಸೈಕಲ್ಲನ್ನು ಮುಬೀನನ ಹೆಸರಿನಲ್ಲಿ ತೆಗೆದಿದ್ದರು. ಆ ಬ್ಯಾಂಕ್ ಖಾತೆ ತೆರೆದದ್ದೇ ಅದಕ್ಕಾಗಿ. ಹೆಸರು ಅಣ್ಣನದು, ಸವಾರಿ ತಮ್ಮನದು. ಅಣ್ಣ ಟಿಕೋಟಾಕ್ಕೆ ಬಸ್ಸಿನಲ್ಲೇ ಹೋಗುತ್ತಿದ್ದ. ಕಡೆಯ ಕೆಲವು ಕಂತುಗಳನ್ನು ಅಶ್ಫಾಕ ಕಟ್ಟಿರಲಿಲ್ಲ; ಕಟ್ಟಿದ್ದೇನೆ ಎಂದು ಅಣ್ಣನಿಗೆ ಹೇಳಿದ್ದ. ಬ್ಯಾಂಕು ದಂಡ, ದಂಡದ ಮೇಲಿನ ಬಡ್ಡಿ ಬರೆದುಕೊಂಡು ಕಾದು ಕುಳಿತಿತ್ತು. ಖಾತೆಗೆ ರೊಕ್ಕ ಬಿತ್ತು, ಬ್ಯಾಂಕು ನುಂಗಿತು. ಮುಬೀನ ಸತ್ತು ತಮ್ಮನ ಗಾಡಿಯ ಸಾಲ ಹರಿದಿದ್ದ.

ಆ ಮನೆಯ ಜಗಳಗಳು ಉರ್ದುವಿನಲ್ಲಿ ಶುರುವಾಗಿ, ರೊಕ್ಕದ ಮಾತು ಬಂದ ಕೂಡಲೇ ಕನ್ನಡಕ್ಕೆ ಹೊರಳುತ್ತಿದ್ದವು. ಇದು ಮೊದಲ ಮಾತಿನಿಂದಲೇ ಕನ್ನಡದಲ್ಲಿ ನಡೆಯಿತು.

"ನಾ ಕಟ್ಟಾವನ ಇದ್ದೆ, ಅಬ್ಬಾ. ಮೇ ತಿಂಗಳದಾಗ."

"ಯಾವ ಮೇ ತಿಂಗಳಾ? ನೀ ಹುಟ್ಟಿದ ಮ್ಯಾಲ ಇಪ್ಪತ್ತೇಳು ಮೇ ತಿಂಗಳಾ ಬಂದು ಹೋದುವು," ಎಂದ ಮಶಾಕಸಾಬ. "ನಾ ಏನೂ ಅನ್ನಂಗಿಲ್ಲ. ಆದ್ರ ಅಣ್ಣನ ಕಡೇ ಪಗಾರ ಅದು. ಅದರ ಮ್ಯಾಲ ಕುಂತು ಪೇಟಿ ತಿರಗತೀ."

"ಬಿಡ್ರಿ ಇನ್ನ," ಎಂದಳು ಸುಗರಾಬಿ, ಅಶ್ಫಾಕನ ತಾಟಿಗೆ ಪಲ್ಯ ಬಡಿಸುತ್ತ. "ಒಬ್ಬಾಂವ ಹ್ವಾದ. ಇದ್ದ ಒಬ್ಬನ್ನ ಬೈದು ಏನ ಮಾಡ್ತೀರಿ? ಆ ಸಿದ್ದರಾಯಂದು ತಪ್ಪು. ಕೈಯಾಗ ಕೊಡೂದು ಬಿಟ್ಟು ಖಾತೇಕ್ಕ ಯಾಕ ಹಾಕಬೇಕು? ಮ್ಯಾಲ ಖಾಡಾ ಬ್ಯಾರೆ!"

ತಸ್ಲೀಮ ಪರದೆಯ ಹಿಂದೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಆರಿಸಿದ ಕಲ್ಲನ್ನು ಯಾವುದೋ ಗಳಿಗೆಯಲ್ಲಿ ಅಕ್ಕಿಗೇ ಹಾಕಿದ್ದಳು. ಮತ್ತೆ ಮೊದಲಿನಿಂದ ಆರಿಸತೊಡಗಿದಳು.

ಎರಡು ವಾರದ ಮೇಲೆ ತಸ್ಲೀಮಳ ಅಣ್ಣ ಅಕ್ರಮ ಹೊನವಾಡದಿಂದ ಜೋಳದ ಚೀಲದೊಂದಿಗೆ ಬಸ್ಸಿಳಿದ. ಒಡಹುಟ್ಟಿದವನಾದ್ದರಿಂದ ಅವನಿಗೆ ಪರದೆ ಇಲ್ಲ. ನೇರ ಒಳಗೆ ಬಂದು ತಂಗಿಯ ಮುಂದೆ ಕುಳಿತು, ಇಡೀ ಮನೆಗೆ ಕೇಳುವಂತೆ ಗುಟ್ಟು ಹೇಳಿದ.

"ಇದ್ದತ್ ಮುಗದ ಮ್ಯಾಲ ಹೊನವಾಡಕ್ಕ ನಡಿ. ಮಿನಾಜಗ ಅಲ್ಲೇ ಸಾಲಿ ಐತಿ. ಪುಕ್ಕಟೆ ಐತಿ. ದ್ರಾಕ್ಷಿ ಸೀಜನ್ನಿನಾಗ ನಿನಗೂ ಕೆಲಸ ಸಿಗತೈತಿ."

"ನಾ ಬರಂಗಿಲ್ಲ, ಮಾಮಾ," ಎಂದಳು ಮಿನಾಜ ಮೂಲೆಯಿಂದ. "ನಂದು ಇಂಗ್ಲಿಷ್ ಮೀಡಿಯಂ."

"ಹೊನವಾಡದಾಗ ಇಂಗ್ಲಿಷ್ ಮಾತಾಡಬ್ಯಾಡ ಅಂತ ಯಾರ ಅಂದಾರ? ಬೇಕಾದಷ್ಟ ಮಾತಾಡು." ಅಕ್ರಮ ಹೊರಗಿನ ಕೋಣೆಯತ್ತ ತಿರುಗಿ ದನಿ ಏರಿಸಿದ. "ಇಲ್ಲಾಂದ್ರ ಆ ಗಾಡಿ ಮಾರ್ರಿ! ಮಾರಿ ಹುಡುಗಿ ಫೀ ತುಂಬ್ರಿ!"

"ಸತ್ತವರ ಹೆಸರಿನ ಗಾಡಿ ಯಾರ ತಗೋತಾರ್ರಿ?" ಎಂದಿತು ಅಶ್ಫಾಕನ ದನಿ. "ಕಾಗದ ಪತ್ರ ಮಾಡಸಾಕ ವರ್ಷ ಬೇಕು."

"ಕಾಗದದಾಗ ಹೆಸರ ಯಾರದೈತಿ?" ಎಂದಳು ತಸ್ಲೀಮ.

ಗಂಡ ಸತ್ತ ಮೇಲೆ ಎಲ್ಲರಿಗೂ ಕೇಳುವಂತೆ ಅವಳು ಆಡಿದ ಮೊದಲ ಮಾತು ಅದು.

"ಅಣ್ಣಂದು," ಎಂದ ಅಶ್ಫಾಕ.

"ಸಾಲ ಹರದದ್ದು ಯಾರ ರೊಕ್ಕದಾಗ?"

"ಅಣ್ಣಂದು. ಅದನ್ನ ಎಷ್ಟ ಸಲ..."

"ಹಂಗಾರ ಅದು ಅವರ ಗಾಡಿ. ಅವರ ಪಗಾರ ಗಾಡಿ ಆಗಿ ಬಂದು ಅಂಗಳದಾಗ ನಿಂತೈತಿ." ಚಾದರದ ಕೆಳಗಿನ ಒಂದು ಗೇಣು ಜಾಗದಿಂದ ಅವಳ ಕೈ ಹೊರಗೆ ಬಂತು. ಬಳೆ ತೆಗೆದ ಬರಿಯ ಕೈ, ಅಂಗೈ ಮೇಲಾಗಿ. "ಕೀಲಿ."

ಬಹಳ ಹೊತ್ತಾದ ಮೇಲೆ ಕೀಲಿ ಬಂತು. ಅದರ ಗೊಂಚಲಿಗೆ ಪ್ಲಾಸ್ಟಿಕ್ಕಿನ ಒಂದು ಸಿಂಹ ತೂಗುತ್ತಿತ್ತು. ತಸ್ಲೀಮ ಸಿಂಹವನ್ನು ಬಿಚ್ಚಿ ಹೊರಗೆ ಉರುಳಿಸಿ, ಕೀಲಿಯನ್ನಷ್ಟೇ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮೇ ತಿಂಗಳಿಡೀ ಗಾಡಿ ಅಂಗಳದಲ್ಲಿ ನಿಂತು ಕೋಳಿಗಳಿಗೆ ನೆರಳಾಯಿತು. ಸುಗರಾಬಿ ಸೊಸೆಯೊಡನೆ ಬೇಕಾದಷ್ಟೇ ಮಾತಾಡಿದಳು: ಉಪ್ಪು, ಎಣ್ಣಿ, ನೀರು ಬಂತು, ನೀರು ಹೋತು. ಉಳಿದ ಮಾತನ್ನೆಲ್ಲ ಸಿದ್ದರಾಯನಿಗೆ ಮೀಸಲಿಟ್ಟಳು. ವಾರಕ್ಕೊಮ್ಮೆ ಮಿನಾಜಳ ಕೈಯಿಂದ ಫೋನು ಹಚ್ಚಿಸುವಳು.

"ಸೋಮವಾರದ್ದು ಏನಾತು?"

"ಅಮ್ಮಾ, ಎಂಟ ತಾಸಿನ ಪಗಾರದ ಮಾತಷ್ಟರಿ ಅದು. ನನ್ನ ಕಿಸೇದಾಗಿಂದ ನಾನ ಕೊಡ್ತೇನಿ, ಬಿಟ್ಟಬಿಡ್ರಿ."

"ನಿನ್ನ ರೊಕ್ಕ ತಗೊಂಡು ನಾ ಏನ ಮಾಡ್ಲಿ? ಹಾಜರಿ ಹಾಕು. ಹೊಂಟವಗ ಖಾಡಾ ಇಲ್ಲ."

"ಮಷೀನ್ ಒಪ್ಪಂಗಿಲ್ರಿ."

"ಮಷೀನಿಗೆ ತಾಯಿ ಇಲ್ಲೇನ?"

ಈ ಫೋನುಗಳಿಂದ ಖಾಡಾ ಹೋಗಲಿಲ್ಲ. ಆದರೆ ಸಿದ್ದರಾಯ ಹೈರಾಣಾಗಿ ಶಿವಾನಂದ ಸಾಹೇಬರಿಗೆ ಹೇಳಿ, ಮುಬೀನನ ತಮ್ಮನಿಗೆ ಅಲ್ಲೇ ಪೆಟ್ಟಿಗೆ ಇಳಿಸುವ ಕೆಲಸ ಕೊಡಿಸಿದ. ದಿನಗೂಲಿ, ಬೆಳಗ್ಗೆ ಆರು ಗಂಟೆಗೆ ಗೇಟಿನಲ್ಲಿರಬೇಕು. ಅಷ್ಟೊತ್ತಿಗೆ ಟಿಕೋಟಾ ಮುಟ್ಟಿಸುವ ಬಸ್ಸಿಲ್ಲ.

ಅಶ್ಫಾಕನ ಪಾದಗಳು ಪರದೆಯ ಮುಂದೆ ಬಂದು ನಿಂತವು. "ಭಾಬಿ, ಕೀಲಿ ಬೇಕಾಗಿತ್ತು."

"ದಿನಕ್ಕ ನೂರು ರೂಪಾಯಿ."

"ಏನು?"

"ಬಾಡಿಗಿ."

"ಭಾಬಿ! ನೂರು ನಿಮಗ ಕೊಟ್ರ ಪೆಟ್ರೋಲ್ ಯಾರ ಹಾಕ್ತಾರ?"

"ನಡಕೋತ ಹ್ವಾದ್ರ ಪೆಟ್ರೋಲ್ ಬೇಕಾಗಂಗಿಲ್ಲ."

ಅಡುಗೆಮನೆಯಿಂದ ಸುಗರಾಬಿ ಬಂದಳು. "ಮನೀ ಒಳಗ ಬಾಡಿಗೀನ? ಸ್ವಂತ ಮೈದುನನ ಕಡೆ? ಜನಾ ಏನ ಅಂದಾರು, ತಸ್ಲೀಮ?"

"ಜನಾ ಪರದೆ ಹಿಂದ ಬರಂಗಿಲ್ಲಲ್ರಿ. ಹೆಂಗ ಗೊತ್ತಾಗತೈತಿ?"

"ನಾ ಏನೂ ಅನ್ನಂಗಿಲ್ಲ," ಎಂದ ಮಶಾಕಸಾಬ. "ಆದ್ರ ನೂರು ಹೆಚ್ಚಾತು ಅನ್ನಂಗಿಲ್ಲ."

ಅಶ್ಫಾಕ ಲೆಕ್ಕ ಹಾಕಿದ. ಇಂಥ ವಿಷಯದಲ್ಲಿ ಅವನ ತಲೆ ಚುರುಕು. "ಆತ್ರಿ. ಆದ್ರ ನನಗ ಹಾಜರಿ ಇದ್ದ ದಿನಾ ಅಷ್ಟ. ಖಾಡಾ ದಿನಾ ಬಾಡಿಗಿ ಇಲ್ಲ."

"ಆತು," ಎಂದಳು ತಸ್ಲೀಮ.

ಹೀಗೆ ಹದಿನೇಳು ವರ್ಷ ಒಂದೇ ಒಲೆಯ ಅಡುಗೆ ಉಂಡ ಭಾಬಿ-ಮೈದುನರ ನಡುವೆ ಕಟ್ಟಿದ ಪರದೆ ಜೂನ್ ತಿಂಗಳಲ್ಲಿ ಬ್ಯಾಂಕಿನ ಕಿಟಕಿಯಾಯಿತು. ಬೆಳಗ್ಗೆ ಅದರ ಕೆಳಗಿಂದ ಕೀಲಿ ಹೊರಗೆ ಹೋಗುವುದು, ಅದರ ಹಿಂದೆ ಮುಬೀನನ ಡಬ್ಬಿ. ಸಂಜೆ ಕೀಲಿ, ಡಬ್ಬಿ, ನೂರರ ನೋಟು ಒಳಗೆ ಬರುವವು. ಬಾಗಿಲಲ್ಲಿ ಕುಳಿತು ಉಣ್ಣುವ ಸುಖ ಮಶಾಕಸಾಬನಿಗೆ ತಪ್ಪಿತು, ಅವನು ಗೊಣಗಲಿಲ್ಲ. ಸಾಲಿಯ ಆಫೀಸಿನ ನಿರ್ಮಲಾ ಬಾಯಿ ಮಿನಾಜಳ ಮುಖ ನೋಡಿ ಒಂದು ಸವಲತ್ತು ಮಾಡಿಕೊಟ್ಟಿದ್ದಳು: ಪ್ರತಿ ಶನಿವಾರ ಐದು ನೂರು ತುಂಬಬೇಕು. ಒಂದು ಶನಿವಾರ ತಪ್ಪಿದರೆ ಟಿಸಿ ಕೈಗೆ. ಶನಿವಾರ ಬೆಳಗ್ಗೆ ಐದು ನೋಟು ಹೊರಡುತ್ತಿದ್ದವು; ಮಿಕ್ಕ ಒಂದು ಮಿನಾಜಳ ವಹಿ-ಪೆನ್ನಿಗೆ ಹೋಗುತ್ತಿತ್ತು. ಹೊರಟ ಮೇಲೆ ತಸ್ಲೀಮ ಸೆರಗಿನ ಬರಿಗಂಟನ್ನು ಒಂದೆರಡು ಸಲ ಮುಟ್ಟಿ ನೋಡಿಕೊಳ್ಳುವಳು. ಸಂತೋಷವೇನೂ ಆಗುತ್ತಿರಲಿಲ್ಲ. ಹೊನವಾಡದ ಬಸ್ಸು ಒಂದು ವಾರ ಮುಂದೆ ಹೋಯಿತು ಎಂದಷ್ಟೇ ಗೊತ್ತಾಗುತ್ತಿತ್ತು.

ಮೊಹರಂ ಬಂದ ವಾರ ಲೆಕ್ಕ ಬಿಗಿಯಾಯಿತು. ಹಿಂದಿನ ಶನಿವಾರದ ನೂರನ್ನು ಕೂಡಿಸಿ, ಹಬ್ಬದ ಸೂಟಿಯ ದಿನವನ್ನು ಕಳೆದು ಗುರುವಾರದ ಸಂಜೆಗೆ ಗಂಟಿನಲ್ಲಿ ನಾಲ್ಕು ನೋಟು. ಐದನೆಯದು ಶುಕ್ರವಾರ ಬರಬೇಕಾಗಿತ್ತು.

ಶುಕ್ರವಾರ ಸುಗರಾಬಿ ಮಧ್ಯಾಹ್ನದ ರೊಟ್ಟಿ ಬಡಿಯುತ್ತಿದ್ದಾಗಲೇ ಅಶ್ಫಾಕ ಬಂದ. ಅಂಗಳದಲ್ಲಿ ಗಾಡಿಯ ಸದ್ದಿಲ್ಲ, ತಳ್ಳುವ ಸದ್ದು. ಪರದೆಯ ಮುಂದೆ ನಿಂತ ಪಾದಗಳಿಗೆ ಕಣಕಾಲವರೆಗೂ ಧೂಳು. ಕೀಲಿ ಒಳಗೆ ಬಂತು. ಡಬ್ಬಿ ಒಳಗೆ ಬಂತು. ಡಬ್ಬಿ ಭಾರವಾಗಿತ್ತು.

"ರೊಕ್ಕ?"

"ಇವತ್ತ ಖಾಡಾ, ಭಾಬಿ. ಟಿಕೋಟಾ ಇನ್ನೇನು ಬಂತು ಅನ್ನೂದ್ರಾಗ ಚೈನ್ ಹರೀತು. ಗಾಡಿ ದಬ್ಬಕೋತ ಹೋದೆ. ಗೇಟ್ ಮುಟ್ಟೂದ್ರಾಗ ಮಷೀನ್ ಬಂದ್ ಆಗಿತ್ತು, ಹೆಬ್ಬಟ್ಟ ತಗೋಲಿಲ್ಲ. ಸಿದ್ದರಾಯ ತಿರುಗಿ ಕಳಿಸಿದ. ಟೆಂಪೋದಾಗ ಹಾಕಿ ತಂದೇನಿ, ಅದಕ್ಕ ಬ್ಯಾರೆ ಕೊಟ್ಟೇನಿ." ಅವನ ದನಿಯಲ್ಲಿ ದಣಿವಿತ್ತು, ಸುಳ್ಳಿರಲಿಲ್ಲ. "ಖಾಡಾ ದಿನಾ ಬಾಡಿಗಿ ಇಲ್ಲ ಅಂತ ಮಾತಾಗಿತ್ತಲ್ರಿ?"

ಮಾತು ಆಗಿತ್ತು. ತಸ್ಲೀಮ ಒಪ್ಪಿದ್ದಳು. ಅವಳು ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ರೊಟ್ಟಿ, ಬದನೆಕಾಯಿ ಹಾಗೇ ಇದ್ದವು. ಮುಚ್ಚಳ ಹಾಕಿದಳು.

"ಡಬ್ಬಿ ಉಂಡಿಲ್ಲ," ಎಂದಳು. ಅಷ್ಟೇ ಹೇಳಿದ್ದು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀಯುವ ವಾಸನೆ ಬಂತು. ಯಾರೂ ತಿರುವಿ ಹಾಕಲಿಲ್ಲ.

"ಅಶ್ಫಾಕ," ಎಂದಳು ಸುಗರಾಬಿ, "ಕೊಡು."

"ಏನ ಕೊಡ್ಲಿ ಅಮ್ಮಾ? ಇವತ್ತ ನನಗ ಪಗಾರಿಲ್ಲ."

"ಮುಂಜೇಲೆ ಹೊಂಟಿದ್ದೆ ಇಲ್ಲೋ?"

"ಹೊಂಟಿದ್ದೆ."

"ಡಬ್ಬಿ ಒಯ್ದಿದ್ದೆ ಇಲ್ಲೋ?"

"ಒಯ್ದಿದ್ದೆ. ಆದ್ರ ಮಷೀನ್..."

"ಮಷೀನಿನ ಸುದ್ದಿ ನನ್ನ ಮುಂದ ತಗೀಬ್ಯಾಡ." ಅವಳ ದನಿ ಏರಲಿಲ್ಲ. ಫೋನಿನಲ್ಲಿ ಸಿದ್ದರಾಯನ ಮೇಲೆ ಏರುತ್ತಿದ್ದ ದನಿ ಇಂದು ಏರಲಿಲ್ಲ. "ಹೊಂಟವಗ ಖಾಡಾ ಇಲ್ಲ. ಇವತ್ತ ಹಾಜರಿ. ಕೊಡು ಲೇ."

ಅಶ್ಫಾಕ ಅಪ್ಪನ ಕಡೆ ನೋಡಿದನೆಂದು ತೋರುತ್ತದೆ. ಪಾದಗಳು ಬಾಗಿಲತ್ತ ತಿರುಗಿದವು.

"ನಾ ಏನೂ ಅನ್ನಂಗಿಲ್ಲ," ಎಂದ ಮಶಾಕಸಾಬ. ಆಮೇಲೆ ನಿಜವಾಗಿಯೂ ಏನೂ ಅನ್ನಲಿಲ್ಲ.

ಕಿಸೆ ತಡಕಾಡುವ ಸದ್ದು, ಚಿಲ್ಲರೆ ಸದ್ದು. ಬಳಿಕ ಧೂಳು ಮೆತ್ತಿದ ಪಾದಗಳು ಅಡುಗೆಮನೆಯ ಕಡೆ ನಡೆದವು. ಅಲ್ಲಿಂದ ಬೇರೆ ಎರಡು ಪಾದ ಬಂದವು, ಸೀಳಿದ ಹಿಮ್ಮಡಿಯವು. ಅವು ಪರದೆಯ ಮುಂದೆ ನಿಂತವು. ಬಿಸ್ಮಿಲ್ಲಾ ಎಂದದ್ದು ಕೇಳಿಸಿತು. ಆಮೇಲೆ ಚಾದರದ ಕೆಳಗಿನಿಂದ ಹಿಟ್ಟು ಹತ್ತಿದ ಕೈಯೊಂದು ಒಳಗೆ ಬಂತು. ಬೆವರಿಗೆ ಮೆತ್ತಗಾದ ಎರಡು ಐವತ್ತರ ನೋಟು.

ತಸ್ಲೀಮ ಇಸಕೊಂಡಳು. ಕೈ ಕೂಡಲೇ ಹಿಂದಕ್ಕೆ ಹೋಗಲಿಲ್ಲ.

"ಆ ಡಬ್ಬಿ ಇತ್ತ ಕೊಡು," ಎಂದಳು ಸುಗರಾಬಿ ಹೊರಗಿನಿಂದ. "ಹಸಿದು ಬಂದಾನ. ಉಣ್ಣಲಿ."

ಡಬ್ಬಿ ಹೊರಗೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು.